ಸುದ್ದಿಯ ಸತ್ಯವನ್ನು ಹುಡುಕಿ ಹೋದ ಐಡಾ ಬಿ. ವೆಲ್ಸ್

ಪತ್ರಿಕೆಯಲ್ಲಿ ಅಚ್ಚಾಗುವ ಸುಳ್ಳಿಗೆ ಮನುಷ್ಯರ ಪ್ರಾಣ ತೆಗೆಯುವ ಶಕ್ತಿ ಇರುತ್ತದೆ. ಸುಮಾರು 130 ವರ್ಷಗಳ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂತಹ ಸುಳ್ಳುಗಳು ಮೇಲಿಂದ ಮೇಲೆ ಪ್ರಕಟವಾಗುತ್ತಿದ್ದವು. ಕಪ್ಪು ಜನಾಂಗದವರನ್ನು ಗುಂಪು ಸೇರಿ ಕೊಲ್ಲುವುದು, ಮರುದಿನ ಅವರ ಮೇಲೆ ಘೋರ ಅಪರಾಧ ಹೊರಿಸಿ ಸುದ್ದಿ ಬರೆಯುವುದು ವಾಡಿಕೆಯಾಗಿತ್ತು. ಓದಿದವರು ನಂಬಿ ಸುಮ್ಮನಾಗುತ್ತಿದ್ದರು. ಆ ಸುದ್ದಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದವರು ಐಡಾ ಬಿ. ವೆಲ್ಸ್ ಎಂಬ ಶಾಲಾ ಶಿಕ್ಷಕಿ. ಪತ್ರಿಕೋದ್ಯಮ ಓದುತ್ತಿರುವ ನಮ್ಮ ಸಮಾಜದ ಯುವಕ ಯುವತಿಯರೂ, ದಿನವೂ ಮೊಬೈಲಿನಲ್ಲಿ ನೂರಾರು ಸುದ್ದಿ ನೋಡುವ ಹಿರಿಯರೂ ತಿಳಿದಿರಬೇಕಾದ ಜೀವನ ಅವರದು.

ಜನನ ಮತ್ತು ಬಾಲ್ಯ

ಐಡಾ 1862ರ ಜುಲೈ 16ರಂದು ಮಿಸಿಸಿಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೇಮ್ಸ್ ವೆಲ್ಸ್ ಬಡಗಿ, ತಾಯಿ ಎಲಿಜಬೆತ್. ಇಬ್ಬರೂ ಗುಲಾಮರಾಗಿದ್ದರಿಂದ ಮಗಳೂ ಹುಟ್ಟುತ್ತಲೇ ಗುಲಾಮಳೆಂದು ಗಣನೆಗೆ ಬಂದಳು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ತಂದೆ ತಾಯಿ ಮಕ್ಕಳ ವಿದ್ಯಾಭ್ಯಾಸಕ್ಕೆ ಮೊದಲ ಸ್ಥಾನ ಕೊಟ್ಟರು. ಊರಿನಲ್ಲಿ ಆರಂಭವಾದ ಹೊಸ ವಿದ್ಯಾಸಂಸ್ಥೆಯ ವಿಶ್ವಸ್ತರಲ್ಲಿ ತಂದೆಯೂ ಒಬ್ಬರಾಗಿದ್ದರು. ಓದು ಬಲ್ಲ ಐಡಾ ತಂದೆಗೂ ಅವರ ಗೆಳೆಯರಿಗೂ ಪತ್ರಿಕೆ ಓದಿ ಹೇಳುತ್ತಿದ್ದರು.

1878ರಲ್ಲಿ ಆ ಭಾಗಕ್ಕೆ ಹಳದಿ ಜ್ವರದ ಪಿಡುಗು ಬಂತು. ತಂದೆ, ತಾಯಿ ಮತ್ತು ಎಳೆಯ ತಮ್ಮ ತೀರಿಕೊಂಡರು. ಆಗ ಐಡಾ ಅಜ್ಜಿಯ ಹಳ್ಳಿಯಲ್ಲಿದ್ದರು, ವಯಸ್ಸು ಹದಿನಾರು. ಪ್ರಯಾಣಿಕರ ರೈಲು ನಿಂತಿದ್ದರಿಂದ ಸರಕು ರೈಲಿನಲ್ಲಿ ಊರಿಗೆ ಮರಳಿದರು. ಉಳಿದ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚಿಬಿಡುವುದೆಂದು ತಂದೆಯ ಸಂಘದ ಹಿರಿಯರು ತೀರ್ಮಾನಿಸಿದ್ದರು. ಐಡಾ ಅದಕ್ಕೆ ಒಪ್ಪಲಿಲ್ಲ. ಪರೀಕ್ಷೆ ಕಟ್ಟಿ ಹಳ್ಳಿ ಶಾಲೆಯ ಶಿಕ್ಷಕಿಯಾದರು. ವಾರಾಂತ್ಯದಲ್ಲಿ ಹೇಸರಗತ್ತೆಯ ಮೇಲೆ ಮನೆಗೆ ಬಂದು ಒಗೆತ, ಅಡುಗೆ ಮುಗಿಸಿ ಹೋಗುತ್ತಿದ್ದರು. ತಮ್ಮ ತಂಗಿಯರನ್ನು ಹೀಗೆ ಸಾಕಿದರು.

ರೈಲಿನಿಂದ ನ್ಯಾಯಾಲಯಕ್ಕೆ

ಕೆಲವು ವರ್ಷಗಳ ನಂತರ ಅವರು ಟೆನೆಸಿ ರಾಜ್ಯದ ಮೆಂಫಿಸ್ ನಗರಕ್ಕೆ ಬಂದು ಶಿಕ್ಷಕ ವೃತ್ತಿ ಮುಂದುವರಿಸಿದರು. ಒಮ್ಮೆ ಮಹಿಳೆಯರ ಬೋಗಿಯ ಟಿಕೆಟ್ ಪಡೆದು ಕುಳಿತಿದ್ದಾಗ, ಕಪ್ಪು ಜನ ಕೂರುವ ಧೂಮಪಾನದ ಬೋಗಿಗೆ ಹೋಗುವಂತೆ ರೈಲಿನ ಕಂಡಕ್ಟರ್ ಹೇಳಿದ. ಐಡಾ ಏಳಲಿಲ್ಲ. ಆತ ಎಳೆದಾಗ ಅವನ ಕೈ ಕಚ್ಚಿದರು. ಕೊನೆಗೆ ಅವರನ್ನು ಬಲವಂತವಾಗಿ ಹೊರಹಾಕಲಾಯಿತು. ಅವರು ರೈಲ್ವೆ ಕಂಪನಿಯ ಮೇಲೆ ದಾವೆ ಹೂಡಿ, 1884ರಲ್ಲಿ 500 ಡಾಲರ್ ಪರಿಹಾರ ಗೆದ್ದರು. ಆದರೆ 1887ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಈ ಮೊಕದ್ದಮೆಯ ಬಗ್ಗೆ ಒಂದು ಧಾರ್ಮಿಕ ವಾರಪತ್ರಿಕೆಗೆ ಬರೆಯುವುದರೊಂದಿಗೆ ಅವರ ಪತ್ರಿಕಾ ಬರಹ ಬೆಳೆಯಿತು. ಐಯೋಲಾ ಎಂಬ ಕಾವ್ಯನಾಮದಲ್ಲಿ ಬರೆದ ಲೇಖನಗಳನ್ನು ಬೇರೆ ಊರಿನ ಪತ್ರಿಕೆಗಳೂ ಪ್ರಕಟಿಸಿದವು. ಓದಲು ಕಷ್ಟಪಡುವ ಸಾಮಾನ್ಯರಿಗೂ ಅರ್ಥವಾಗಬೇಕೆಂದು ಅವರು ಸರಳ ಭಾಷೆ ಬಳಸುತ್ತಿದ್ದರು. 1889ರಲ್ಲಿ ಮೆಂಫಿಸ್‌ನ ಫ್ರೀ ಸ್ಪೀಚ್ ಪತ್ರಿಕೆಯ ಪಾಲುದಾರರೂ ಸಂಪಾದಕರೂ ಆದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಅದರಲ್ಲಿ ಬರೆದದ್ದಕ್ಕೆ 1891ರಲ್ಲಿ ಶಿಕ್ಷಕಿಯ ಕೆಲಸ ಹೋಯಿತು. ಅಲ್ಲಿಂದ ಪತ್ರಿಕೆಯೇ ಅವರ ಜೀವನಾಧಾರವಾಯಿತು.

ಗೆಳೆಯನ ಸಾವು ಮತ್ತು ಮೊದಲ ಅನುಮಾನ

ಮೆಂಫಿಸ್‌ನ ಹೊರವಲಯದಲ್ಲಿ ಕೆಲವು ಕಪ್ಪು ಜನರು ಸೇರಿ ಪೀಪಲ್ಸ್ ಗ್ರೋಸರಿ ಎಂಬ ದಿನಸಿ ಅಂಗಡಿ ನಡೆಸುತ್ತಿದ್ದರು. ಅದರ ಮುಖ್ಯಸ್ಥ ಥಾಮಸ್ ಮಾಸ್ ಅಂಚೆಯವರು, ಐಡಾ ಅವರ ಆಪ್ತ ಸ್ನೇಹಿತ. ಅವರ ಮಗಳಿಗೆ ಐಡಾ ಧರ್ಮಮಾತೆ. ಎದುರಿಗೆ ಬಿಳಿಯನೊಬ್ಬನ ಅಂಗಡಿ ಇತ್ತು. ಹೊಸ ಅಂಗಡಿಯಿಂದ ಅವನ ವ್ಯಾಪಾರ ಕುಸಿದಿತ್ತು. ಹುಡುಗರ ಗೋಲಿಯಾಟದ ಜಗಳ ಹಿರಿಯರಿಗೆ ಹಬ್ಬಿತು. 1892ರ ಮಾರ್ಚ್‌ನ ಒಂದು ರಾತ್ರಿ ಸಮವಸ್ತ್ರವಿಲ್ಲದ ಪೊಲೀಸರು ಅಂಗಡಿಗೆ ನುಗ್ಗಿದರು. ದಾಳಿ ಎಂದು ತಿಳಿದು ಕಾವಲಿದ್ದವರು ಗುಂಡು ಹಾರಿಸಿದರು; ಮೂವರು ಪೊಲೀಸರಿಗೆ ಗಾಯವಾಯಿತು. ಮರುದಿನದ ಪತ್ರಿಕೆಗಳು ಆ ಅಂಗಡಿಯನ್ನು ಪುಂಡರ ಅಡ್ಡೆ ಎಂದು ಬಣ್ಣಿಸಿದವು. ಮಾರ್ಚ್ 9ರ ಬೆಳಗಿನ ಜಾವ ಒಂದು ಗುಂಪು ಸೆರೆಮನೆಯಿಂದ ಮಾಸ್ ಮತ್ತು ಅವರ ಇಬ್ಬರು ಸಂಗಡಿಗರನ್ನು ಹೊರಗೆಳೆದು ಗುಂಡಿಟ್ಟು ಕೊಂದಿತು.

ಅಲ್ಲಿಯವರೆಗೆ ಐಡಾ ಕೂಡ ಗುಂಪುಹತ್ಯೆಯ ಸುದ್ದಿಗಳನ್ನು ಒಂದು ಮಟ್ಟಕ್ಕೆ ನಂಬಿದ್ದರು. ಕೊಲೆ ತಪ್ಪಾದರೂ, ಸತ್ತವನು ಅತ್ಯಾಚಾರದಂತಹ ಅಪರಾಧ ಮಾಡಿರಬಹುದು ಎಂದುಕೊಂಡಿದ್ದರು. ಆದರೆ ಮಾಸ್ ಅವರನ್ನು ಅವರು ಬಲ್ಲರು. ಅವರ ಮೇಲೆ ಅಂತಹ ಆರೋಪವೇ ಇರಲಿಲ್ಲ. ಚೆನ್ನಾಗಿ ವ್ಯಾಪಾರ ಮಾಡಿದ್ದೇ ಅವರ ಅಪರಾಧವಾಗಿತ್ತು. ಹಾಗಾದರೆ ಉಳಿದ ಸುದ್ದಿಗಳ ಗತಿ ಏನು? ತಾವು ನಂಬಿದ್ದನ್ನೇ ಪರೀಕ್ಷಿಸಲು ಅವರು ಹೊರಟರು.

ಸ್ಥಳಕ್ಕೇ ಹೋಗಿ ನೋಡುವುದು

ಈ ಕೊಲೆಗಳ ನಂತರ ಮೆಂಫಿಸ್‌ನ ಕಪ್ಪು ಜನ ಊರು ಬಿಟ್ಟು ಪಶ್ಚಿಮದ ಓಕ್ಲಹೋಮ ಪ್ರದೇಶಕ್ಕೆ ಹೊರಟರು. ಕೆಲಸದವರೂ ಗಿರಾಕಿಗಳೂ ಕಡಿಮೆಯಾಗಿ ನಗರದ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆಗ ಸ್ಥಳೀಯ ಪತ್ರಿಕೆಗಳು ಓಕ್ಲಹೋಮದಲ್ಲಿ ಹಸಿವು, ಸಂಕಟ ಎಂದು ಬರೆಯತೊಡಗಿದವು. ಐಡಾ ಮೆಂಫಿಸ್‌ನಲ್ಲೇ ಕುಳಿತು ಅದನ್ನು ಅಲ್ಲಗಳೆಯಲಿಲ್ಲ. ತಾವೇ ಓಕ್ಲಹೋಮಕ್ಕೆ ಹೋಗಿ ಮೂರು ವಾರ ಇದ್ದು, ಕಣ್ಣಾರೆ ಕಂಡದ್ದನ್ನು ತಮ್ಮ ಪತ್ರಿಕೆಗೆ ಬರೆದು ಕಳುಹಿಸಿದರು. ಮನೆ ಮಾರು ಮಾರಿ ಹೊರಡುವ ಕುಟುಂಬಗಳು ಆ ಸುದ್ದಿಯನ್ನು ನಂಬಿ ಹೆಜ್ಜೆ ಇಡುವವಾದ್ದರಿಂದ ಅದು ಸರಿಯಾಗಿರಲೇಬೇಕಿತ್ತು.

ಮಿಸಿಸಿಪಿಯ ಟ್ಯೂನಿಕಾದಿಂದ ಬಂದ ಸುದ್ದಿಯೂ ಅಂತಹದೇ. ಅಧಿಕಾರಿಯೊಬ್ಬನ ಏಳು ವರ್ಷದ ಮಗಳ ಮೇಲೆ ಅತ್ಯಾಚಾರ ಎಸಗಿದವನನ್ನು ಗುಂಪು ಕೊಂದಿತೆಂದು ದೇಶದ ತುಂಬ ಪ್ರಕಟವಾಗಿತ್ತು. ಐಡಾ ಆ ಊರಿಗೆ ಹೋದರು. ಅವರು ಕಂಡ ಹುಡುಗಿಗೆ ಹದಿನೇಳು ದಾಟಿತ್ತು. ಸತ್ತವನ ಮನೆಯಲ್ಲಿ ಅವಳನ್ನು ಕಂಡ ತಂದೆ, ಮರ್ಯಾದೆ ಉಳಿಸಿಕೊಳ್ಳಲು ತಾನೇ ಗುಂಪನ್ನು ಕರೆತಂದಿದ್ದ. ವಯಸ್ಸು ಎಂಬ ಒಂದೇ ವಿವರವನ್ನು ಪರೀಕ್ಷಿಸಿದ್ದರಿಂದ ಇಡೀ ಕಥೆ ಕುಸಿದುಬಿತ್ತು.

ಇಂತಹ ಹಲವು ಪ್ರಕರಣಗಳನ್ನು ಪರಿಶೀಲಿಸಿದ ಮೇಲೆ, ಅತ್ಯಾಚಾರದ ಆರೋಪ ಬಹುಪಾಲು ಸಂದರ್ಭಗಳಲ್ಲಿ ಒಂದು ನೆಪ ಎಂದು ಅವರು 1892ರ ಮೇ 21ರ ಸಂಪಾದಕೀಯದಲ್ಲಿ ಬರೆದರು. ಆಗ ಅವರು ಪೂರ್ವದ ನಗರಗಳ ಪ್ರವಾಸದಲ್ಲಿದ್ದರು. ಮೇ 27ರಂದು ಉದ್ರಿಕ್ತ ಗುಂಪು ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿತು. ಪಾಲುದಾರರು ತಲೆಮರೆಸಿಕೊಂಡರು. ಮರಳಿ ಬಂದರೆ ಕೊಲ್ಲುತ್ತೇವೆಂಬ ಬೆದರಿಕೆ ಐಡಾ ಅವರಿಗೆ ತಲುಪಿತು. ಮೂವತ್ತನೆಯ ವಯಸ್ಸಿನ ಹೊಸ್ತಿಲಲ್ಲಿ ಮನೆ, ಪತ್ರಿಕೆ, ಉಳಿತಾಯ ಎಲ್ಲವನ್ನೂ ಅವರು ಕಳೆದುಕೊಂಡರು.

ಎದುರಾಳಿಯ ದಾಖಲೆಯೇ ಸಾಕ್ಷಿ

ನ್ಯೂಯಾರ್ಕ್ ಏಜ್ ಪತ್ರಿಕೆ ಅವರಿಗೆ ಆಶ್ರಯ ಕೊಟ್ಟಿತು. 1892ರ ಜೂನ್ 25ರಂದು ಅದರ ಮುಖಪುಟದಲ್ಲಿ ಅವರ ದೀರ್ಘ ವರದಿ ಬಂತು. ಆ ಸಂಚಿಕೆಯ 10,000 ಪ್ರತಿಗಳು ಮುದ್ರಣವಾದವು. ಹೆಸರು, ದಿನಾಂಕ, ಸ್ಥಳ ಎಲ್ಲವೂ ಅದರಲ್ಲಿದ್ದವು. ನ್ಯೂಯಾರ್ಕಿನ ಕಪ್ಪು ಮಹಿಳೆಯರು ಸಭೆ ನಡೆಸಿ ಕೂಡಿಸಿಕೊಟ್ಟ ಹಣದಿಂದ ಅದೇ ವರ್ಷ ‘ಸದರ್ನ್ ಹಾರರ್ಸ್’ ಎಂಬ ಕಿರುಹೊತ್ತಿಗೆ ಹೊರಬಂತು.

1895ರ ‘ಎ ರೆಡ್ ರೆಕಾರ್ಡ್’ ಅವರ ಮುಖ್ಯ ಕೃತಿ. ಇದರಲ್ಲಿ ಅವರು ಬಹಳ ಯೋಚಿಸಿ ಒಂದು ಮಾರ್ಗ ಹಿಡಿದರು. ಸಂತ್ರಸ್ತರ ಮಾತನ್ನೇ ಆಧಾರ ಮಾಡಿದರೆ ಉತ್ಪ್ರೇಕ್ಷೆ ಎಂದು ತಳ್ಳಿಹಾಕುತ್ತಾರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಬಿಳಿಯರ ಒಡೆತನದ ಚಿಕಾಗೊ ಟ್ರಿಬ್ಯೂನ್ ಪತ್ರಿಕೆ ವರ್ಷವರ್ಷವೂ ಪ್ರಕಟಿಸುತ್ತಿದ್ದ ಗುಂಪುಹತ್ಯೆಗಳ ಪಟ್ಟಿಯನ್ನೇ ತೆಗೆದುಕೊಂಡರು. ಅದರ ಪ್ರಕಾರ 1892ರಲ್ಲಿ ಸತ್ತವರು 241 ಮಂದಿ. ಅವರಲ್ಲಿ 160 ಮಂದಿ ಕಪ್ಪು ಜನ. ಯಾರ ಮೇಲೆ ಯಾವ ಆರೋಪವಿತ್ತೆಂದು ಅವರು ವಿಂಗಡಿಸಿದರು. ಹಿಂದಿನ ಕಿರುಹೊತ್ತಿಗೆಯಲ್ಲಿ ಎಂಟು ವರ್ಷಗಳ 728 ಪ್ರಕರಣಗಳನ್ನು ನೋಡಿದಾಗಲೂ, ಅತ್ಯಾಚಾರದ ಆರೋಪ ಹೊತ್ತವರು ಸುಮಾರು ಮೂರನೆಯ ಒಂದು ಭಾಗ ಮಾತ್ರ ಎಂದು ಕಂಡಿತ್ತು. ಅದೂ ಬರೀ ಆರೋಪ. ವಿಚಾರಣೆ ನಡೆದು ರುಜುವಾದದ್ದಲ್ಲ. ಉಳಿದವರ ಮೇಲಿನ ಆರೋಪಗಳು ಕಳವು, ಜಗಳ, ಬಿಳಿಯರಿಗೆ ಎದುರು ಮಾತಾಡಿದ್ದು ಮುಂತಾದವು. ಕೆಲವರ ಮೇಲೆ ಯಾವ ಆರೋಪವೂ ಇರಲಿಲ್ಲ.

ಪತ್ರಿಕೆಗೆ ತಲುಪದ ಕೊಲೆಗಳು ಈ ಲೆಕ್ಕದಲ್ಲಿ ಸೇರಿರಲಿಲ್ಲ. ನಿಜವಾದ ಸಂಖ್ಯೆ ಇನ್ನೂ ದೊಡ್ಡದೆಂದು ಐಡಾ ಬಲ್ಲವರಾಗಿದ್ದರು. ಆದರೂ ಯಾರೂ ಅಲ್ಲಗಳೆಯಲಾಗದ ಸಣ್ಣ ಸಂಖ್ಯೆಯನ್ನೇ ಆರಿಸಿಕೊಂಡರು. ಅವರ ವಾದಕ್ಕೆ ಬಲ ಬಂದದ್ದು ಈ ಸಂಯಮದಿಂದ.

ಅದೇ ಕೃತಿಯಲ್ಲಿ 1893ರ ಜುಲೈನಲ್ಲಿ ಕೆಂಟಕಿಯ ಬಾರ್ಡ್‌ವೆಲ್‌ನಲ್ಲಿ ನಡೆದ ಸಿ. ಜೆ. ಮಿಲ್ಲರ್ ಕೊಲೆಯ ವಿವರವಿದೆ. ಇಬ್ಬರು ಸಹೋದರಿಯರನ್ನು ಕೊಂದ ಆರೋಪ ಅವನ ಮೇಲಿತ್ತು. ಶಂಕಿತನನ್ನು ನದಿ ದಾಟಿಸಿದ ಬೆಸ್ತ ಮೊದಲು ಹೇಳಿದ್ದು, ಆ ಮನುಷ್ಯ ಬಿಳಿಯ ಅಥವಾ ಬಹಳ ತಿಳಿ ಬಣ್ಣದವನು ಎಂದು. ಮಿಲ್ಲರ್ ಕಡು ಕಂದು ಬಣ್ಣದವನು. ಪತ್ರಿಕೆಗಳಲ್ಲೇ ಇದ್ದ ಈ ಎರಡು ಸಂಗತಿಗಳನ್ನು ಐಡಾ ಅಕ್ಕಪಕ್ಕ ಇಟ್ಟು ತೋರಿಸಿದರು. ಗುಂಪು ಅಷ್ಟು ತಾಳ್ಮೆಯನ್ನೂ ತೋರದೆ ಅವನನ್ನು ಕೊಂದಿತ್ತು.

ಚಿಕಾಗೊ ಮತ್ತು ಬ್ರಿಟನ್

1893ರಲ್ಲಿ ಚಿಕಾಗೊದಲ್ಲಿ ವಿಶ್ವ ಮೇಳ ನಡೆಯಿತು. ಆ ಮೇಳದ ಅಂಗವಾಗಿ ಸೆಪ್ಟೆಂಬರ್‌ನಲ್ಲಿ ಸೇರಿದ ವಿಶ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜಿ ಗಾಂಧಿಯವರು ಜೈನ ಧರ್ಮವನ್ನು ಪ್ರತಿನಿಧಿಸಿದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಅದೇ ಮೇಳದ ಹೈಟಿ ದೇಶದ ಮಂಟಪದಲ್ಲಿ ಐಡಾ ವೆಲ್ಸ್ ಇದ್ದರು. ಅಮೆರಿಕದ ಕಪ್ಪು ಪ್ರಜೆಗಳಿಗೆ ಮೇಳದಲ್ಲಿ ಏಕೆ ಸ್ಥಾನವಿಲ್ಲ ಎಂದು ವಿವರಿಸುವ ಪುಸ್ತಿಕೆಯನ್ನು, ಹಿರಿಯ ಮುಖಂಡ ಫ್ರೆಡರಿಕ್ ಡಗ್ಲಸ್ ಮೊದಲಾದವರೊಂದಿಗೆ ಸಿದ್ಧಪಡಿಸಿ, ಬಂದವರಿಗೆ ಹಂಚುತ್ತಿದ್ದರು.

1893 ಮತ್ತು 1894ರಲ್ಲಿ ಅವರು ಬ್ರಿಟನ್ ಪ್ರವಾಸ ಮಾಡಿದರು. ಎರಡನೆಯ ಬಾರಿ ಚಿಕಾಗೊದ ಇಂಟರ್ ಓಷನ್ ಪತ್ರಿಕೆಗೆ ವರದಿಗಾರರಾಗಿಯೂ ಹೋಗಿದ್ದರು. ದಕ್ಷಿಣದ ಹತ್ತಿಗೆ ಬ್ರಿಟನ್ ದೊಡ್ಡ ಮಾರುಕಟ್ಟೆ. ಅಲ್ಲಿನ ಅಭಿಪ್ರಾಯಕ್ಕೆ ದಕ್ಷಿಣದ ಶ್ರೀಮಂತರು ಹೆದರುತ್ತಿದ್ದರು. ಸಭೆಗಳಲ್ಲಿ ಐಡಾ ಆವೇಶದಿಂದ ಮಾತನಾಡುವ ಬದಲು ಪ್ರಕರಣಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದರು. ಅಮೆರಿಕದ ಹಲವು ಪತ್ರಿಕೆಗಳು ಅವರ ನಡತೆಯನ್ನೇ ನಿಂದಿಸಿದವು. ಅವರು ಅಂಕಿ ಅಂಶಗಳಿಂದಲೇ ಉತ್ತರ ಕೊಟ್ಟರು.

ಸೋತ ತನಿಖೆ, ಗೆದ್ದ ತನಿಖೆ

ಪರಿಶೀಲನೆ ಯಾವಾಗಲೂ ಸುಲಭವಾಗಿ ಫಲ ಕೊಡಲಿಲ್ಲ. 1893ರಲ್ಲಿ ಟೆಕ್ಸಾಸ್‌ನ ಪ್ಯಾರಿಸ್ ಎಂಬ ಊರಿನಲ್ಲಿ ಹೆನ್ರಿ ಸ್ಮಿತ್ ಎಂಬವನನ್ನು ಸಾವಿರಾರು ಜನರ ಎದುರು ಸುಟ್ಟರು. ಐಡಾ ಹಣ ಕೊಟ್ಟು, ಪಕ್ಷಪಾತವಿಲ್ಲದ ಪತ್ತೇದಾರನನ್ನು ಕಳುಹಿಸುವಂತೆ ಒಂದು ಖಾಸಗಿ ಸಂಸ್ಥೆಯನ್ನು ಕೋರಿದರು. ಬಂದ ವ್ಯಕ್ತಿ ಸ್ವತಃ ವಿಚಾರಿಸದೆ, ಸ್ಥಳೀಯ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಕಳುಹಿಸಿದ. ಯಾವ ಸುದ್ದಿಯನ್ನು ಪರೀಕ್ಷಿಸಬೇಕಿತ್ತೋ ಅದೇ ಸುದ್ದಿ ತಿರುಗಿ ಕೈಗೆ ಬಂದಿತ್ತು.

ಆರು ವರ್ಷಗಳ ನಂತರ, 1899ರಲ್ಲಿ, ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕೂಲಿಯನ್ನು ಸುಟ್ಟು ಕೊಂದರು. ಊಟಕ್ಕೆ ಕುಳಿತಿದ್ದ ಯಜಮಾನನನ್ನು ಹಿಂದಿನಿಂದ ಕೊಂದು, ಅವನ ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದನೆಂದು ಪತ್ರಿಕೆಗಳು ಬರೆದಿದ್ದವು. ಚಿಕಾಗೊದ ನಾಗರಿಕರು ಹಣ ಕೂಡಿಸಿ ಲೂಯಿ ಲೆ ವಿನ್ ಎಂಬ ಬಿಳಿಯ ಪತ್ತೇದಾರನನ್ನು ಕಳುಹಿಸಿದರು. ಆತ ಅಲ್ಲಿದ್ದು ಬಿಳಿಯರನ್ನೂ ಕಪ್ಪು ಜನರನ್ನೂ ವಿಚಾರಿಸಿದ. ಜಗಳ ಕೂಲಿ ಹಣದ್ದು; ಯಜಮಾನ ಪಿಸ್ತೂಲು ತೋರಿಸಿದಾಗ ಹೋಸ್ ಕೈಯಲ್ಲಿದ್ದ ಕೊಡಲಿ ಎಸೆದು ಓಡಿದ್ದ; ಅತ್ಯಾಚಾರದ ಕಥೆಗೆ ಆಧಾರವಿರಲಿಲ್ಲ. ಐಡಾ ಈ ವರದಿಯನ್ನು ತಮ್ಮ ‘ಲಿಂಚ್ ಲಾ ಇನ್ ಜಾರ್ಜಿಯಾ’ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರು. ಪತ್ರಿಕೆಗಳ ಕಥೆಯನ್ನೂ ಪತ್ತೇದಾರನ ವರದಿಯನ್ನೂ ಒಂದೇ ಪುಸ್ತಿಕೆಯಲ್ಲಿ ಕೊಟ್ಟು, ತೀರ್ಮಾನವನ್ನು ಓದುಗರಿಗೆ ಬಿಟ್ಟರು.

ಗೃಹಿಣಿ ಮತ್ತು ವರದಿಗಾರ್ತಿ

1895ರಲ್ಲಿ ಚಿಕಾಗೊದ ವಕೀಲ ಹಾಗೂ ಪತ್ರಿಕಾ ಸ್ಥಾಪಕ ಫರ್ಡಿನಾಂಡ್ ಬಾರ್ನೆಟ್ ಅವರೊಂದಿಗೆ ಐಡಾ ಅವರ ವಿವಾಹವಾಯಿತು. ಗಂಡನ ಹೆಸರಿನ ಜೊತೆ ತಮ್ಮ ಹೆಸರನ್ನೂ ಉಳಿಸಿಕೊಂಡು ವೆಲ್ಸ್-ಬಾರ್ನೆಟ್ ಎಂದು ಬರೆದುಕೊಂಡರು. ನಾಲ್ವರು ಮಕ್ಕಳಾದರು. ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡೇ ಭಾಷಣ ಪ್ರವಾಸಕ್ಕೆ ಹೋದದ್ದೂ ಉಂಟು.

1909ರ ನವೆಂಬರ್‌ನಲ್ಲಿ ಇಲಿನಾಯ್ ರಾಜ್ಯದ ಕೈರೊ ನಗರದಲ್ಲಿ ಗುಂಪುಹತ್ಯೆ ನಡೆಯಿತು. ಸೆರೆಯಾಳನ್ನು ಕಾಪಾಡದ ಶೆರಿಫ್ ಹುದ್ದೆ ಕಳೆದುಕೊಳ್ಳಬೇಕೆಂದು ರಾಜ್ಯದ ಕಾನೂನಿತ್ತು. ಶೆರಿಫ್ ಮರಳಿ ಹುದ್ದೆ ಕೇಳಿದಾಗ ಅವನ ವಿರುದ್ಧ ಸಾಕ್ಷ್ಯ ಹೊಂದಿಸುವವರು ಯಾರೂ ಇರಲಿಲ್ಲ. ಐಡಾ ಅವರಿಗೆ ಮೊದಲು ಮನಸ್ಸಿರಲಿಲ್ಲ. ಸದಾ ಮುಂದೆ ಹೋಗಿ ಟೀಕೆ ಕೇಳಿ ದಣಿದಿದ್ದರು. ಹಿರಿಯ ಮಗ ಬಂದು, ತಾಯಿ ಹೋಗದಿದ್ದರೆ ಮತ್ತೆ ಯಾರೂ ಹೋಗುವುದಿಲ್ಲ ಎಂದು ನೆನಪಿಸಿದ ಮೇಲೆ ಹೊರಟರು. ಊರಿನ ಕಪ್ಪು ಜನರಲ್ಲೇ ಹಲವರು ಶೆರಿಫ್ ಒಳ್ಳೆಯವನೆಂದು ಪತ್ರ ಬರೆದಿದ್ದರು. ಐಡಾ ಅವರೊಂದಿಗೆ ಸಭೆ ನಡೆಸಿ, ಆ ದಿನ ಶೆರಿಫ್ ಏನು ಮಾಡಿದ, ಏನು ಮಾಡಲಿಲ್ಲ ಎಂಬುದನ್ನು ಕ್ರಮವಾಗಿ ಸಂಗ್ರಹಿಸಿ ರಾಜ್ಯಪಾಲರ ಮುಂದೆ ಮಂಡಿಸಿದರು. ಶೆರಿಫ್‌ಗೆ ಹುದ್ದೆ ಮರಳಿ ಸಿಗಲಿಲ್ಲ.

1919ರಲ್ಲಿ ಅರ್ಕನ್ಸಾಸ್‌ನ ಇಲೇನ್ ಪ್ರದೇಶದಲ್ಲಿ ಹತ್ತಿಗೆ ಸರಿಯಾದ ಬೆಲೆ ಕೇಳಿ ಸಂಘ ಕಟ್ಟಿದ ಕಪ್ಪು ರೈತರ ಮೇಲೆ ದಾಳಿ ನಡೆದು ಬಹಳ ಜನ ಸತ್ತರು. ಪತ್ರಿಕೆಗಳು ಇದನ್ನು ಬಿಳಿಯರನ್ನು ಕೊಲ್ಲುವ ಪಿತೂರಿ ಎಂದು ಬರೆದವು. ಹನ್ನೆರಡು ರೈತರಿಗೆ ಮರಣದಂಡನೆ ವಿಧಿಸಲಾಯಿತು. ಐಡಾ ಸುಮಾರು ಮೂವತ್ತು ವರ್ಷಗಳ ನಂತರ ಮೊದಲ ಬಾರಿಗೆ ದಕ್ಷಿಣಕ್ಕೆ ಕಾಲಿಟ್ಟರು. ಕೈದಿಗಳ ಹೆಂಡತಿ ತಾಯಂದಿರ ಜೊತೆ, ದೂರದ ಸಂಬಂಧಿ ಎಂಬಂತೆ ಸೆರೆಮನೆಯೊಳಗೆ ಹೋದರು. ಕಾವಲುಗಾರನಿಗೆ ಅವರ ಗುರುತು ಸಿಗಲಿಲ್ಲ. ಕೈದಿಗಳು ಹೇಳಿದ್ದನ್ನೆಲ್ಲ ಕೇಳಿ, ಯಾರ ಎಷ್ಟು ಎಕರೆ ಬೆಳೆ, ಎಷ್ಟು ಹತ್ತಿ, ಎಷ್ಟು ದನಕರು ಹೋಯಿತೆಂದು ಲೆಕ್ಕ ಬರೆಸಿದರು. ಆ ಬೆಳೆ ಯಾರ ಕೈ ಸೇರಿತೆಂದು ನೋಡಿದಾಗ ಗಲಭೆಯ ಕಾರಣವೂ ಗೋಚರವಾಯಿತು. 1920ರಲ್ಲಿ ಈ ವಿವರಗಳ ಪುಸ್ತಿಕೆ ಪ್ರಕಟವಾಯಿತು. ಹಲವರ ಕಾನೂನು ಹೋರಾಟದ ಫಲವಾಗಿ 1925ರ ಹೊತ್ತಿಗೆ ಹನ್ನೆರಡೂ ಮಂದಿ ಬಿಡುಗಡೆಯಾದರು.

ಕೊನೆಯ ದಿನಗಳು

ಐಡಾ ನೇರ ನುಡಿಯವರು; ರಾಜಿ ಅವರಿಗೆ ಒಗ್ಗುತ್ತಿರಲಿಲ್ಲ. ಇದರಿಂದ ಜೊತೆಗಾರರೊಂದಿಗೂ ಮನಸ್ತಾಪಗಳಾದವು. 1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ರಾಷ್ಟ್ರೀಯ ಸಂಘ ರೂಪುಗೊಂಡಾಗ, ಸಮಿತಿಯ ಮೊದಲ ಪಟ್ಟಿಯಲ್ಲಿ ಅವರ ಹೆಸರನ್ನೇ ಬಿಡಲಾಗಿತ್ತು. ವಯಸ್ಸಾದಂತೆ ಹೊಸ ತಲೆಮಾರು ಅವರನ್ನು ಮರೆಯತೊಡಗಿತು. ತಮ್ಮ ಕಾಲದ ಸಂಗತಿಗಳು ಕಳೆದುಹೋಗಬಾರದೆಂದು ಅವರು ಆತ್ಮಚರಿತ್ರೆ ಬರೆಯಲು ಕುಳಿತರು. ಅದು ಮುಗಿಯುವ ಮೊದಲೇ, 1931ರ ಮಾರ್ಚ್ 25ರಂದು ಚಿಕಾಗೊದಲ್ಲಿ ನಿಧನರಾದರು. ಹಸ್ತಪ್ರತಿ ಒಂದು ವಾಕ್ಯದ ನಡುವೆಯೇ ನಿಂತಿದೆ. ಮಗಳು ಆಲ್ಫ್ರೆಡಾ ಅದನ್ನು ಸಂಪಾದಿಸಿದರು. 1970ರಲ್ಲಿ ಗ್ರಂಥ ಬೆಳಕು ಕಂಡಿತು.

2020ರಲ್ಲಿ ಪುಲಿಟ್ಜರ್ ಮಂಡಳಿ ಅವರಿಗೆ ಮರಣೋತ್ತರ ವಿಶೇಷ ಗೌರವ ನೀಡಿತು. ಅವರನ್ನು ಓಡಿಸಿದ್ದ ಮೆಂಫಿಸ್ ನಗರದಲ್ಲಿ 2021ರಲ್ಲಿ ಅವರ ಪ್ರತಿಮೆ ನಿಂತಿತು. ಗುಂಪುಹತ್ಯೆಯನ್ನು ಅಪರಾಧವೆಂದು ಸಾರುವ ರಾಷ್ಟ್ರಮಟ್ಟದ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದದ್ದು 2022ರಲ್ಲಿ.

ಐಡಾ ವೆಲ್ಸ್ ಅನುಸರಿಸಿದ ಕ್ರಮ ಇಂದಿಗೂ ಪತ್ರಕರ್ತರಿಗೆ ಪಾಠವಾಗಿದೆ. ಸುದ್ದಿ ಹೇಳಿದವರಿಗೆ ಅದರಿಂದ ಲಾಭವಿದೆಯೇ ಎಂದು ನೋಡುವುದು, ಸಾಧ್ಯವಾದರೆ ಸ್ಥಳಕ್ಕೆ ಹೋಗುವುದು, ಒಂದು ಚಿಕ್ಕ ವಿವರವನ್ನಾದರೂ ಸ್ವತಃ ಪರೀಕ್ಷಿಸುವುದು, ಎದುರಾಳಿಯೂ ಒಪ್ಪುವ ದಾಖಲೆ ಹುಡುಕುವುದು, ಗೊತ್ತಿರುವುದಕ್ಕಿಂತ ಹೆಚ್ಚು ಹೇಳದಿರುವುದು. ಇವು ಪತ್ರಕರ್ತರಿಗೆ ಮಾತ್ರ ಮೀಸಲಾದವಲ್ಲ. ಒಬ್ಬ ವ್ಯಕ್ತಿಯ ಮೇಲೆ, ಒಂದು ಸಮುದಾಯದ ಮೇಲೆ ಆರೋಪ ಹೊರಿಸುವ ಸಂದೇಶ ನಮ್ಮ ಮೊಬೈಲಿಗೆ ಬಂದಾಗ, ಅದನ್ನು ಮುಂದಕ್ಕೆ ಕಳುಹಿಸುವ ಮೊದಲು ಆ ಹುಡುಗಿಯ ವಯಸ್ಸು ನಿಜಕ್ಕೂ ಏಳೇ ಎಂದು ಕೇಳಿದ ಟ್ಯೂನಿಕಾದ ಆ ಪ್ರಯಾಣವನ್ನು ಪ್ರತಿಯೊಬ್ಬರೂ ನೆನೆಯಬಹುದು.